ಪೈಲ್ವಾನರ ಮೈ

ಪೈಲ್ವಾನ್ ಚಿಕ್ಕಮುನಿಯಪ್ಪನ ಮುಖ ನನ್ನ ಕೈಗೆ ಸಿಕ್ಕಿತ್ತು. ಮೈ ಸಿಕ್ಕಿರಲಿಲ್ಲ.

ಅಂಗೈಯಗಲದ ಒಂದು ಕಪ್ಪುಬಿಳುಪು ಫೋಟೋ. ತಲೆಗೆ ಪೇಟ, ಮೈಗೆ ಕರಿಕೋಟು, ಕೋಟಿಗೆ ಒಂದು ಪದಕ. ಕತ್ತಿನಿಂದ ಕೆಳಗೆ ಬಟ್ಟೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅದನ್ನು ಕೊಟ್ಟು ವೆಂಕಟಸ್ವಾಮಿ ಹೇಳಿದ್ದು ಇಷ್ಟು: "ಆರಡಿ ಎತ್ತರ ಬರ್ಬೇಕು. ಲಂಗೋಟಿ ಕಟ್ಟಿರ್ಬೇಕು. ಹೆಗಲ ಮೇಲೆ ಗದೆ. ನೋಡ್ದೋರು ಎರಡು ಹೆಜ್ಜೆ ಹಿಂದಕ್ಕೆ ಹೋಗ್ಬೇಕು ಕಣೋ ದಾಸ."

ಅದು ಎರಡು ಸಾವಿರದ ಒಂದನೇ ಇಸವಿ. ವೆಂಕಟಸ್ವಾಮಿ ನಮ್ಮೂರ ಗರಡಿ ಸಂಘದ ಅಧ್ಯಕ್ಷ. ಚಿಕ್ಕಮುನಿಯಪ್ಪ ಅವನ ತಾತ. ನಮ್ಮೂರು ಅಂದರೆ ಬನಶಂಕರಿ ಮೂರನೇ ಸ್ಟೇಜು ನುಂಗಿ ಉಳಿಸಿದ ನಾಲ್ಕು ಬೀದಿ. ಸುತ್ತ ಅಪಾರ್ಟ್‌ಮೆಂಟು, ಬೇಕರಿ, ಸೈಬರ್ ಸೆಂಟರು. ಒಳಗೆ ಊರು ಊರಾಗಿಯೇ ಇತ್ತು, ಕೇರಿ ಕೇರಿಯಾಗಿಯೇ ಇತ್ತು. ಊರವರ ಹೊಲಗಳು ಸೈಟಾದವು, ಸೈಟುಗಳು ಬಿಲ್ಡಿಂಗಾದವು. ನಮ್ಮ ಕೇರಿಯಲ್ಲಿ ಬದಲಾಗಿದ್ದು ಹೆಸರಿನ ಬೋರ್ಡು ಒಂದೇ. ಆ ಬೋರ್ಡು ಬರೆದವನೂ ನಾನೇ.

ನನ್ನ ಹೆಸರು ದೇವದಾಸ್. ಸಿನಿಮಾ ಬ್ಯಾನರ್ ಬರೆಯುವ ಶೆಡ್ಡಿನಲ್ಲಿ ಎಂಟು ವರ್ಷ ಕೆಲಸ ಕಲಿತೆ. ಆಮೇಲೆ ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ದೇವದಾಸ್ ಆರ್ಟ್ಸ್ ಅಂತ ಬರೆದುಕೊಂಡೆ. ಅಂಗಡಿ ಬೋರ್ಡು, ನಂಬರ್ ಪ್ಲೇಟು, ಎಲೆಕ್ಷನ್ ಗೋಡೆ. ಎಣ್ಣೆಬಣ್ಣದಲ್ಲಿ ಒಬ್ಬ ಮನುಷ್ಯನನ್ನು ಪೂರ್ತಿಯಾಗಿ, ಉಳಿಯುವ ಹಾಗೆ ಬರೆಯಿರಿ ಅಂತ ಯಾರೂ ಕೇಳಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ. ಆಸೆಗೆ ಒಪ್ಪಿಕೊಂಡೆ. ಅದನ್ನು ಮುಚ್ಚಿಡುವುದಿಲ್ಲ.

ಹಳೆಯ ಗರಡಿ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಸಂಘದವರು ಹೊಸ ಕಟ್ಟಡ ಎಬ್ಬಿಸಿದ್ದರು. ಮುಂದೆ ದೊಡ್ಡ ಹಾಲ್. ಹಿಂದೆ ಕುಸ್ತಿ ಆಡುವ ಮಣ್ಣಿನ ಅಂಕಣ, ಅದಕ್ಕೆ ಮಟ್ಟಿ ಅನ್ನುತ್ತಾರೆ. ಚಿತ್ರ ಹಾಲ್‌ನಲ್ಲಿ ತೂಗಬೇಕಿತ್ತು. ಹಿನ್ನೆಲೆಯಲ್ಲಿ ಮಟ್ಟಿ ಬರಬೇಕು ಅಂದಿದ್ದರಿಂದ ಅದನ್ನು ನೋಡಲು ಹೋದೆ. ಹೊಸಿಲ ಹತ್ತಿರ ಸಂಘದ ಕಾರ್ಯದರ್ಶಿ ಸೇತುರಾಮ ಕೈ ಅಡ್ಡ ಹಿಡಿದ.

"ಇಲ್ಲಿಂದ್ಲೇ ನೋಡ್ಕೊ ದಾಸ. ಮೊನ್ನೆ ಪೂಜೆ ಆಗೈತೆ."

"ಮಣ್ಣಿನ ಬಣ್ಣ ಹತ್ತಿರದಿಂದ ನೋಡ್ಬೇಕಿತ್ತು ಸೇತಣ್ಣ."

"ಕೆಂಪಗೈತೆ. ಬರ್ಕೊ."

ಆ ಮಣ್ಣು ಎಲ್ಲಿಯದೆಂದು ನನಗೆ ಗೊತ್ತಿತ್ತು. ಕೆರೆಯಂಗಳದಿಂದ ಅದನ್ನು ಅಗೆದು, ಹೊತ್ತು ತಂದು, ಮೂರು ಸಲ ಜರಡಿ ಹಿಡಿದು, ಬೆಣಚುಕಲ್ಲೊಂದೂ ಇಲ್ಲದ ಹಾಗೆ ಮಾಡಿ ಸುರಿಯುವುದು ನಮ್ಮ ಕೇರಿಯವರ ಕೆಲಸ. ನನ್ನಪ್ಪ ಸಾಯುವ ತನಕ ಮಾಡಿದ. ಸುರಿಯುವಾಗ ಮಣ್ಣಿನೊಳಗೆ ಮೊಣಕಾಲ ತನಕ ಇಳಿಯಬಹುದು. ತುಪ್ಪ, ಅರಿಶಿನ ಬೆರೆಸಿ ಪೂಜೆ ಮಾಡಿದ ಮೇಲೆ ನಾವು ಬೆರಳು ಸೋಕಿಸುವಂತಿಲ್ಲ. ಹೊಸಿಲಾಚೆ ನಿಂತು ಪೆನ್ಸಿಲ್ ಹಿಡಿದು ನಾನು ಬರೆದುಕೊಂಡೆ. ಸೇತುರಾಮ ಹೇಳಿದ್ದು ತಪ್ಪಾಗಿತ್ತು. ಅದು ಬರೀ ಕೆಂಪಲ್ಲ, ಅಲ್ಲಲ್ಲಿ ಹಳದಿ ಹೊಳೆಯುತ್ತಿತ್ತು.

ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿದೆ. ಬಿಳಿಬಣ್ಣ ಬಳಿದು ಒಣಗಿಸಿದೆ. ಮರಳುಕಾಗದದಲ್ಲಿ ತಿಕ್ಕಿ, ಮತ್ತೆ ಬಳಿದೆ. ಫೋಟೋ ಮೇಲೆ ಪೆನ್ಸಿಲಲ್ಲಿ ಸಣ್ಣ ಚೌಕಗಳನ್ನು ಹಾಕಿ, ಕ್ಯಾನ್ವಾಸಿನ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿದೆ. ಒಂದೊಂದೇ ಚೌಕ ನೋಡಿ ಮುಖ ಇಳಿಸಿದೆ. ಹುಬ್ಬು, ಮೂಗು, ಮೀಸೆ ಎಲ್ಲ ಬಂತು. ಕತ್ತಿನ ಹತ್ತಿರ ಬಂದು ಕೈ ನಿಂತಿತು.

ಸಿನಿಮಾ ಬ್ಯಾನರಿನ ಅಭ್ಯಾಸದಲ್ಲಿ ಎರಡು ದಿನ ಪ್ರಯತ್ನಪಟ್ಟೆ. ಎದೆ ಉಬ್ಬಿಸಿದೆ, ತೋಳು ಉಬ್ಬಿಸಿದೆ. ಗಾಳಿ ತುಂಬಿದ ಟ್ಯೂಬಿನ ಹಾಗೆ ಕಂಡಿತು. ತೂಕವೇ ಇರಲಿಲ್ಲ. ಬಟ್ಟೆಗೆ ಟರ್ಪೆಂಟೈನ್ ಸುರಿದುಕೊಂಡು ಒರೆಸಿ ಹಾಕಿದೆ. ನಿಜವಾದ ಒಬ್ಬ ಮನುಷ್ಯ ಮುಂದೆ ನಿಲ್ಲಬೇಕಿತ್ತು.

ನನ್ನ ಅಕ್ಕ ಅಂಕಮ್ಮನ ಗಂಡ ಲಕ್ಕಪ್ಪ ನಮ್ಮ ಮನೆಯ ಹಿಂದಿನ ಮನೆಯಲ್ಲೇ ಇದ್ದ. ವೆಂಕಟಸ್ವಾಮಿಯ ಬೀಗರದೊಂದು ಗ್ರಾನೈಟ್ ಯಾರ್ಡ್ ಇತ್ತು. ಲಾರಿಯಿಂದ ಚಪ್ಪಡಿ ಇಳಿಸುವುದು, ಕಟ್ಟಡಗಳಿಗೆ ಹೊತ್ತು ಹಾಕುವುದು ಲಕ್ಕಪ್ಪನ ಕೆಲಸ. ಹದಿನೇಳು ವರ್ಷದಿಂದ ಅದೇ. ಹೊಸ ಗರಡಿಯ ಹಾಲ್‌ಗೆ ಹಾಕಿದ ಅಷ್ಟೂ ಗ್ರಾನೈಟ್ ಹೊತ್ತವನು ಅವನು, ಜೊತೆಗೆ ಇನ್ನೊಬ್ಬ.

ಸ್ವಲ್ಪ ದಿನದ ಹಿಂದೆ ಆ ಹಾಲ್‌ನಲ್ಲೇ ಅವನ ಕಾಲು ಜಜ್ಜಿಹೋಗಿತ್ತು. ಇನ್ನೊಂದು ತುದಿ ಹಿಡಿದವನ ಕೈ ಜಾರಿ ಚಪ್ಪಡಿ ಲಕ್ಕಪ್ಪನ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಉಗುರು ಕಿತ್ತು ಬಂತು, ಮೂಳೆ ಒಡೆಯಿತು. ವೆಂಕಟಸ್ವಾಮಿ ಓಡಿ ಬಂದು ಮೊದಲು ಚಪ್ಪಡಿ ತಿರುಗಿಸಿ ನೋಡಿದ. ಮೂಲೆ ಒಡೆದಿತ್ತು. ಆಮೇಲೆ ನೆಲ ನೋಡಿದ.

"ಏಯ್, ನಾಳೆ ಇಲ್ಲಿ ಹೋಮ ಐತೆ. ರಕ್ತ ತೊಳೆದು ಹೋಗು."

ಲಕ್ಕಪ್ಪ ಕಾಲಿಗೆ ಟವೆಲು ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತು ತೊಳೆದ. ಒಂದು ಕಡೆ ತೊಳೆದರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತಿತ್ತು. ಬಕೆಟ್ಟು ಮೂರು ಸಲ ತುಂಬಿಸಿಕೊಂಡು ಬಂದ. ಇದನ್ನು ಅವನು ನನಗೆ ಹೇಳಲಿಲ್ಲ. ಜೊತೆಗಿದ್ದವನು ಹೇಳಿದ.

ಕಾಲು ವಾಸಿಯಾಗುವ ತನಕ ಅವನು ಮನೆಯಲ್ಲೇ ಇದ್ದ. ನಾನು ಹೋಗಿ ಕೇಳಿದೆ.

"ಭಾವ, ಸ್ವಲ್ಪ ದಿನ ಬಂದು ನನ್ನ ಮುಂದೆ ನಿಂತ್ಕೊತೀಯಾ?"

"ನಿಂತ್ಕೊಂಡು?"

"ಸುಮ್ನೆ ನಿಂತ್ಕೊ. ನಾನು ನೋಡಿ ಬರೀತೀನಿ. ಪೈಲ್ವಾನರ ಮೈ ಬರೀಬೇಕು."

ಅವನು ನಕ್ಕ. "ನನ್ನ ಮೈ ಪೈಲ್ವಾನನ ಮೈ ಥರ ಐತಾ?"

"ನೀನು ನಿಂತ್ಕೊ ಬಾ."

ಬೆಳಿಗ್ಗೆ ಏಳರಿಂದ ಹತ್ತರವರೆಗೆ ಶೆಡ್ಡಿಗೆ ಓರೆಬೆಳಕು ಬರುತ್ತಿತ್ತು. ಲಂಗೋಟಿ ಕಟ್ಟಿಸಿ, ಗದೆಯ ಬದಲು ಕಬ್ಬಿಣದ ಹಾರೆಯನ್ನು ಹೆಗಲಿಗೆ ಕೊಟ್ಟು ನಿಲ್ಲಿಸಿದೆ. ಅರ್ಧ ಗಂಟೆಗೆ ಅವನ ಮೈಯೆಲ್ಲ ಬೆವರಿತು.

"ಕಲ್ಲು ಹೊರೋದೇ ವಾಸಿ ಕಣೋ," ಅಂದ. "ಅದ್ರಲ್ಲಿ ನಡೀತಾ ಇರ್ತೀವಿ. ಇದೇನು, ಹೊತ್ಕೊಂಡು ನಿಂತೇ ಇರೋದು."

"ಮಾತಾಡ್ಬೇಡ. ಹೆಗಲು ಅಲ್ಲಾಡುತ್ತೆ."

ಅವನು ಸುಮ್ಮನಾದ. ನಾನು ನೋಡಿದೆ. ಹತ್ತಾರು ವರ್ಷ ಕಣ್ಣೆದುರೇ ಓಡಾಡಿದ್ದ ಮೈಯನ್ನು ಮೊದಲ ಸಲ ನೋಡಿದೆ. ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಅದರ ಮೇಲೆ ಮೂಳೆಯ ಪಕ್ಕ ಜಡ್ಡುಗಟ್ಟಿ ನಿಂಬೆಹಣ್ಣಿನ ಗಾತ್ರದ ಗಂಟಾಗಿತ್ತು. ಬೆನ್ನಿನ ನಡುವೆ ಕಾಲುವೆ ತೋಡಿದ ಹಾಗೆ ಆಳ. ಹೊಟ್ಟೆಯ ಮೇಲೆ ಒಂದು ಚೂರು ಕೊಬ್ಬಿರಲಿಲ್ಲ. ಉಣ್ಣುವುದು ಸಾಲದೆ ಆದ ಹೊಟ್ಟೆ ಅದು. ತೊಡೆಗಳು ಮಾತ್ರ ಕಂಬ.

ಮೊದಲು ಇದ್ದಿಲಿನಲ್ಲಿ ರೇಖೆ ಎಳೆದೆ. ಆಮೇಲೆ ತೆಳುವಾಗಿ ನೆರಳುಗಳನ್ನು ಹಾಕಿದೆ. ಅದರ ಮೇಲೆ ಬಣ್ಣ. ಕಂದು, ಕಾವಿ, ಸ್ವಲ್ಪ ಹಳದಿ, ನೆರಳಿದ್ದಲ್ಲಿ ನೀಲಿ. ಬೆವರು ಹೊಳೆದಲ್ಲಿ ಬಿಳಿಯ ಒಂದೇ ಒಂದು ಎಳೆ. ಗಂಟನ್ನು ಬಿಡಲಿಲ್ಲ. ಇಳಿದ ಹೆಗಲನ್ನು ಎತ್ತಿ ಸರಿಮಾಡಲಿಲ್ಲ. ಎತ್ತಿದರೆ ಗದೆಯ ಭಾರ ಹೋಗಿಬಿಡುತ್ತಿತ್ತು. ಒಂದು ಕಡೆ ಮಾತ್ರ ಸುಳ್ಳು ಬರೆದೆ. ಬಲಗಾಲಿನ ಹೆಬ್ಬೆರಳು ಊದಿಕೊಂಡು ಕರ್ರಗಾಗಿತ್ತು. ಅದಕ್ಕೆ ಒಂದು ಉಗುರು ಬರೆದೆ.

ಫೋಟೋದಲ್ಲಿ ಚಿಕ್ಕಮುನಿಯಪ್ಪನ ಬಣ್ಣ ಯಾವುದೆಂದು ತಿಳಿಯುವಂತಿರಲಿಲ್ಲ. ಲಕ್ಕಪ್ಪನ ಮೈಗೆ ಬೆರೆಸಿದ್ದ ಬಣ್ಣದಲ್ಲೇ ಮುಖವನ್ನೂ ಮುಗಿಸಿದೆ. ಎರಡೂ ಕೂಡಿಕೊಂಡವು. ಇಪ್ಪತ್ತೆರಡು ದಿನ ಹಿಡಿಯಿತು. ಕೊನೆಯ ದಿನ ಹಿಂದೆ ಸರಿದು ನೋಡಿದೆ. ಲಕ್ಕಪ್ಪ ಅಷ್ಟು ಹೊತ್ತಿಗೆ ಪಂಚೆ ಸುತ್ತಿಕೊಂಡು ಹೊರಟುಹೋಗಿದ್ದ. ಅವನು ಒಂದು ದಿನವೂ ಈ ಕಡೆ ಬಂದು ನೋಡಿರಲಿಲ್ಲ. ನಾನೂ ಬಾ ನೋಡು ಅಂದಿರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಚಿತ್ರ ಸಾಗಿಸಿದೆ. ಹಾಲ್ ತನಕ ನನ್ನನ್ನು ಒಳಗೆ ಬಿಟ್ಟರು. ಗೋಡೆಗೆ ಒರಗಿಸಿ ಬಟ್ಟೆ ಸರಿಸಿದೆ.

ವೆಂಕಟಸ್ವಾಮಿ ಎರಡು ಹೆಜ್ಜೆ ಹಿಂದಕ್ಕೆ ಹೋದ. ಚಪ್ಪಲಿ ಬಿಟ್ಟು ಬಂದು ಕೈಮುಗಿದ. ಅವನ ಮಗ ಬಗ್ಗಿ ಚಿತ್ರದ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾನು ಬರೆದ ಆ ಉಗುರನ್ನೇ ಮುಟ್ಟಿದ.

"ತಾತನೇ ಬಂದಂಗೈತೆ," ಅಂದ ವೆಂಕಟಸ್ವಾಮಿ. "ಪರ್ವಾಗಿಲ್ಲ ಕಣೋ ದಾಸ ನೀನು."

ಉಸ್ತಾದ್ ಹನುಮಯ್ಯನವರನ್ನು ಕುರ್ಚಿಯಿಂದ ಎಬ್ಬಿಸಿ ಕರೆತಂದರು. ಅರವತ್ತು ವರ್ಷ ಆ ಗರಡಿಯಲ್ಲಿ ಹುಡುಗರನ್ನು ತಯಾರು ಮಾಡಿದವರು. ಎಂಬತ್ತು ದಾಟಿತ್ತು, ಕಣ್ಣು ಇನ್ನೂ ಚೆನ್ನಾಗಿತ್ತು. ಅವರು ಚಿತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಮುಖ ನೋಡಲಿಲ್ಲ. ಹೆಗಲು ನೋಡಿದರು, ಸೊಂಟ ನೋಡಿದರು, ಮೀನಖಂಡ ನೋಡಿದರು.

"ಮೈ ಯಾರ್ದು?" ಅಂತ ಕೇಳಿದರು.

"ಚಿಕ್ಕಮುನಿಯಪ್ಪನೋರ್ದು ಉಸ್ತಾದ್ರೆ."

"ಚಿಕ್ಕಮುನಿಯಪ್ಪನ ಮೈಗೆ ಎಣ್ಣೆ ತಿಕ್ದೋನು ನಾನು. ಇದು ಸಾಮು ಮಾಡಿದ ಮೈಯಲ್ಲ. ಸಾಮು ಮಾಡಿದ್ರೆ ಎರಡು ಕಡೆನೂ ಒಂದೇ ಥರ ಬೆಳೆಯುತ್ತೆ. ಇಲ್ಲಿ ನೋಡು, ಎಡಹೆಗಲು ಇಳಿದೈತೆ, ಗಂಟು ಕಟ್ಟೈತೆ. ಇವನು ಹೊತ್ತಿರೋನು. ತುಂಬಾ ವರ್ಷ ಹೊತ್ತವ್ನೆ." ಆಮೇಲೆ ತಲೆದೂಗಿದರು. "ಆದ್ರೂ ಏನು ಮೈ. ಇವನು ಮಟ್ಟಿಗೆ ಇಳಿದಿದ್ರೆ ಚಿಕ್ಕಮುನಿಯಪ್ಪನ್ನ ಎತ್ತಿ ಹಾಕ್ತಿದ್ದ. ಯಾರಪ್ಪ ಇವನು?"

ನಾನು ಸುಳ್ಳು ಹೇಳಬಹುದಿತ್ತು. ಯಾವುದೋ ಪುಸ್ತಕ ನೋಡಿ ಬರೆದೆ ಅನ್ನಬಹುದಿತ್ತು. ಆದರೆ ಆ ಮುದುಕರ ಮಾತು ಕೇಳಿ ನನಗೆ ಹೆಮ್ಮೆ ಉಕ್ಕಿತು. ಹೆಮ್ಮೆಯಲ್ಲಿ ಬಾಯಿ ಬಿಟ್ಟೆ.

"ನಮ್ಮ ಭಾವ. ಲಕ್ಕಪ್ಪ."

ಹೊರಗೆ ಶಾಮಿಯಾನದ ಗೂಟ ಹೊಡೆಯುವ ಸದ್ದು ಕೇಳುತ್ತಿತ್ತು.

"ಯಾವ ಲಕ್ಕಪ್ಪ?" ಅಂದ ವೆಂಕಟಸ್ವಾಮಿ.

"ಈ ನೆಲಕ್ಕೆ ಕಲ್ಲು ಹೊತ್ತೋನು. ಕಾಲು ಜಜ್ಜಿಕೊಂಡ್ನಲ್ಲ, ಅವನು."

ಹಾಲ್‌ಗೆ ಕಲ್ಲು ಹೊರುವಾಗ ವೆಂಕಟಸ್ವಾಮಿ ಹದಿನೈದು ದಿನ ಲಕ್ಕಪ್ಪನನ್ನು ಬರಿಮೈಯಲ್ಲಿ ನೋಡಿದ್ದ. ಈಗ ಚಿತ್ರವನ್ನು ಇನ್ನೊಂದು ಸಲ ನೋಡಿದ. ಅವನ ಮಗ ಚಿತ್ರ ಮುಟ್ಟಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬೇಕಂತ ಒರೆಸಿಕೊಳ್ಳಲಿಲ್ಲ. ಕೈ ತಾನಾಗಿ ಹೋಯಿತು. ಅದನ್ನು ನಾನು ನೋಡಿದೆ.

"ದಾಸ," ಅಂದ ವೆಂಕಟಸ್ವಾಮಿ. ದನಿ ಏರಿಸಲಿಲ್ಲ. "ಮುಖ ಹಂಗೇ ಇರ್ಲಿ. ಮೈ ಅಳಿಸಿ ಬೇರೆ ಬರಿ. ನನ್ನ ಮಗ ಜಿಮ್ಮಿಗೆ ಹೋಗ್ತಾನೆ, ಅವನನ್ನ ನಿಲ್ಲಿಸ್ತೀನಿ. ಇವತ್ತೇ ಆಗ್ಬೇಕು."

"ಈಗ ತಾನೇ ಕೈಮುಗಿದ್ರಲ್ಲ ಸ್ವಾಮಣ್ಣ."

"ಗೊತ್ತಿರ್ಲಿಲ್ಲ, ಮುಗ್ದೆ."

"ಗೊತ್ತಾದ್ಮೇಲೆ ಮೈ ಬದಲಾಯ್ತಾ?"

"ನಾಳೆ ಇದಕ್ಕೆ ಹಾರ ಹಾಕ್ತೀವಿ. ನಮ್ಮ ಮನೆ ಹೆಣ್ಮಕ್ಕಳು ಆರತಿ ಎತ್ತುತಾರೆ. ನಿಮ್ಮ ಲಕ್ಕಪ್ಪಂಗೆ ಎತ್ತಬೇಕೇನೋ? ಹೊಲೇರ ಮೈ ತಂದು ನಮ್ಮ ತಾತನ ತಲೆ ಕೆಳಗೆ ಇಟ್ಟಿದ್ದೀಯಲ್ಲ, ನಿಂಗೆ ಎಷ್ಟು ಧೈರ್ಯ."

ನಾನು ಉಸ್ತಾದರ ಕಡೆ ನೋಡಿದೆ. ಆಗ ತಾನೇ ಆ ಮೈಯನ್ನು ಹೊಗಳಿದವರು ಅವರು. ಅವರು ಕೋಲೂರಿಕೊಂಡು ನಿಧಾನವಾಗಿ ಕುರ್ಚಿಯ ಕಡೆ ಹೊರಟಿದ್ದರು.

"ಅಳಿಸಲ್ಲ," ಅಂದೆ.

"ಏನಂದೆ?"

"ಅಳಿಸಲ್ಲ ಸ್ವಾಮಣ್ಣ. ಇದರಲ್ಲಿ ನಿಮ್ಮದು ಮುಖ ಒಂದೇ. ಅದನ್ನ ಕೊಟ್ಟುಬಿಡ್ತೀನಿ."

ಚೀಲದಲ್ಲಿ ಸ್ಟಿಕ್ಕರ್ ಕತ್ತರಿಸುವ ಬ್ಲೇಡಿತ್ತು. ತೆಗೆದೆ. ನಾನು ಏನು ಮಾಡುತ್ತೇನೆಂದು ಅವರಿಗೆ ಹೊಳೆಯುವ ಮೊದಲೇ ಪೇಟದ ಮೇಲಿಂದ ಎಳೆದೆ, ಬಲಗಿವಿಯ ಪಕ್ಕದಲ್ಲಿ ಇಳಿಸಿದೆ, ಕತ್ತಿನ ಕೆಳಗೆ ತಿರುಗಿಸಿ ಎಡಗಿವಿಯ ಪಕ್ಕ ಮೇಲಕ್ಕೆ ತಂದೆ. ಕ್ಯಾನ್ವಾಸು ಕರಕರ ಸದ್ದು ಮಾಡಿತು. ಬಣ್ಣ ಪೂರ್ತಿ ಒಣಗಿರಲಿಲ್ಲ, ಬೆರಳಿಗೆ ಹತ್ತಿತು. ಒಂದೂವರೆ ಅಡಿಯ ಮುಖ ಕೈಗೆ ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದೆ.

"ನಿಮ್ಮ ತಾತ. ತಗೊಳ್ಳಿ."

ಮೊದಲ ಏಟು ವೆಂಕಟಸ್ವಾಮಿಯ ಮಗನದು. ಕೆನ್ನೆಗೆ ಬಿತ್ತು. ಎರಡನೆಯದು ಯಾರದೋ ನೋಡಲಿಲ್ಲ. ಗ್ರಾನೈಟಿನ ಮೇಲೆ ಮೊಣಕೈ ಊರಿ ಬಿದ್ದೆ. ಪಕ್ಕೆಗೆ ಒದ್ದರು. ಸೇತುರಾಮ "ಸಾಕು ಬಿಡ್ರೋ, ಅಟ್ರಾಸಿಟಿ ಕೇಸ್ ಹಾಕ್ತಾನೆ" ಅಂದ. ಅದಕ್ಕೆ ಬಿಟ್ಟರು. ನನ್ನ ಮೇಲಿನ ಕರುಣೆಗಲ್ಲ.

ಆಟೋದವನು ಹೊರಟುಹೋಗಿದ್ದ. ಆರಡಿಯ ಚೌಕಟ್ಟನ್ನು ಹೆಗಲ ಮೇಲೆ ಹೊತ್ತು ಊರ ನಡುವಿನ ಬೀದಿಯಲ್ಲೇ ನಡೆದೆ. ತಲೆಯಿಲ್ಲದ ಪೈಲ್ವಾನನನ್ನು ಜನ ಬಾಗಿಲಿಗೆ ಬಂದು ನೋಡಿದರು. ಕೇರಿ ತಲುಪುವಷ್ಟರಲ್ಲಿ ಮರದ ಅಂಚು ಹೆಗಲ ಚರ್ಮ ಸುಲಿದಿತ್ತು.

ಕೇಸು ಕೊಡೋಣ ಅಂತ ಕೇರಿಯ ಕೆಲವರು ಅಂದರು. ಕೊಟ್ಟೆವು. ಪೊಲೀಸರು ಬಂದು ಎರಡು ಕಡೆಯವರನ್ನೂ ಕೂರಿಸಿ ರಾಜಿ ಅಂದರು. ನಾನು ಸಹಿ ಹಾಕಲಿಲ್ಲ. ಕೇಸು ಎಲ್ಲೋ ಹೋಗಿ ಕೂತಿತು. ಊರವರ ಬೋರ್ಡಿನ ಕೆಲಸ ನನಗೆ ನಿಂತುಹೋಯಿತು. ಅದು ಹೋಗಲಿ, ಅದು ನನ್ನದು. ಲಕ್ಕಪ್ಪನಿಗೆ ಯಾರ್ಡಿಗೆ ಬರಬೇಡ ಅಂದರು. ಅದು ಅವನದು.

ಅಕ್ಕ ನನ್ನ ಶೆಡ್ಡಿಗೆ ಬಂದು ನಿಂತಳು.

"ಸಿಟ್ಟು ಮಾಡಿದ್ದು ನೀನು. ಕೆಲಸ ಹೋಗಿದ್ದು ಅವನ್ದು. ಅವನನ್ನ ಒಂದ್ ಮಾತು ಕೇಳಿದ್ಯಾ? ಹೆಸರು ಹೇಳೋಕೆ ಮುಂಚೆ ಕೇಳಿದ್ಯಾ?"

"ಅವರು ನಿನ್ನ ಗಂಡನ ಮೈ ಅಳಿಸು ಅಂದ್ರು ಅಕ್ಕ."

"ಅಳಿಸಿದ್ರೆ ಏನಾಗ್ತಿತ್ತು? ಬಣ್ಣ ತಾನೇ? ನಿಜವಾದ ಮೈಗೆ ಅನ್ನ ಹಾಕೋರು ಯಾರು ಈಗ?"

ಅವಳು ಹೋದ ಮೇಲೆ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

ಉದ್ಘಾಟನೆ ನಿಲ್ಲಲಿಲ್ಲ, ಒಂದು ವಾರ ಮುಂದೆ ಹೋಯಿತು ಅಷ್ಟೆ. ಆಗ ಜಯನಗರದಲ್ಲಿ ಹೊಸದಾಗಿ ಫ್ಲೆಕ್ಸ್ ಮಾಡುವವರು ಬಂದಿದ್ದರು. ಕಂಪ್ಯೂಟರಿನಲ್ಲಿ ಯಾವುದೋ ದೇಶದ ಬಾಡಿಬಿಲ್ಡರ್‌ನ ಮೈಗೆ ಚಿಕ್ಕಮುನಿಯಪ್ಪನ ಮುಖ ಅಂಟಿಸಿ, ಎಂಟಡಿ ಎತ್ತರದಲ್ಲಿ ಮಾಡಿಸಿ ತಂದರು. ಮುಖ ಕರಿದು, ಮೈ ಬಿಳಿದು. ಹಾರ ಹಾಕಿದರು, ಆರತಿ ಎತ್ತಿದರು. ಆ ಮೈ ಯಾರದೆಂದು ಯಾರೂ ಕೇಳಲಿಲ್ಲ.

ಲಕ್ಕಪ್ಪ ಬಿಟಿಎಂ ಲೇಔಟಿನ ಕಡೆ ಕೇಬಲ್ ಗುಂಡಿ ಅಗೆಯಲು ಹೋಗತೊಡಗಿದ. ಬಲಗಾಲು ಇನ್ನೂ ಎಳೆಯುತ್ತಿತ್ತು. ಹಾರೆ ಮೀಟುವಾಗ ಆ ಕಾಲನ್ನೇ ಊರಬೇಕು. ಸಂಜೆ ಬಸ್ಸಿಳಿದು ಬರುವುದನ್ನು ನೋಡಿದರೆ ನಾನು ಶೆಡ್ಡಿನೊಳಗೆ ಹೋಗಿಬಿಡುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅವನೇ ಬಂದ.

"ಎಲ್ಲೋ ಅದು?"

ಗೋಡೆಗೆ ತಿರುಗಿಸಿ ಇಟ್ಟಿದ್ದೆ. ಈ ಕಡೆ ತಿರುಗಿಸಿದೆ. ಅವನು ಹತ್ತಿರ ಬಂದ, ದೂರ ಹೋದ. ತನ್ನ ಎಡಹೆಗಲ ಗಂಟನ್ನು ಕೈಯಲ್ಲಿ ಮುಟ್ಟಿ, ಚಿತ್ರದ ಗಂಟನ್ನು ನೋಡಿದ.

"ನಾನು ಹಿಂಗಿದೀನಾ?"

"ಹಿಂಗೇ ಇದೀಯ."

"ನನ್ನ ಎದೆ, ಹೆಗಲು ನಾನು ಹಿಂಗೆ ನೋಡೇ ಇರ್ಲಿಲ್ಲ." ಕತ್ತಿನ ಮೇಲಿನ ತೂತಿಗೆ ಕೈ ಹಾಕಿ ನೋಡಿದ. "ತೂತು ಹಂಗೇ ಬಿಡ್ತೀಯಾ? ತಲೆ ಇಡೋ."

"ಯಾರ ತಲೆ?"

"ಇನ್ಯಾರದು ಇಡ್ತೀಯ," ಅಂದ.

ಹಿಂದಿನಿಂದ ಹೊಸ ಕ್ಯಾನ್ವಾಸು ಅಂಟಿಸಿದೆ. ಬಿಳಿ ಬಳಿದು ಒಣಗಿಸಿದೆ. ಅವನು ಬರುವ ಮೊದಲೇ ರೇಖೆ ಹಾಕಿಟ್ಟುಕೊಳ್ಳೋಣ ಅಂತ ಇದ್ದಿಲು ಹಿಡಿದು ಕೂತೆ. ಕೈ ಓಡಲಿಲ್ಲ. ಅವನ ಹುಬ್ಬು ಹೇಗಿತ್ತು? ಮೂಗು ಅಗಲವೋ, ಉದ್ದವೋ? ಕೆನ್ನೆಯಲ್ಲಿ ಒಂದು ಕಲೆ ಇತ್ತು, ಯಾವ ಕಡೆ? ಇಪ್ಪತ್ತೆರಡು ದಿನ ಮೂರು ಮೂರು ಗಂಟೆ ಅವನನ್ನು ಮುಂದೆ ನಿಲ್ಲಿಸಿಕೊಂಡಿದ್ದೆ. ಅವನ ಪಕ್ಕೆಯ ಒಂದೊಂದು ಎಲುಬನ್ನೂ ಎಣಿಸಿ ಹೇಳಬಲ್ಲವನಾಗಿದ್ದೆ. ಕತ್ತಿನ ಮೇಲಕ್ಕೆ ಒಂದು ಸಲವೂ ನನ್ನ ಕಣ್ಣು ಹೋಗಿರಲಿಲ್ಲ. ಅಲ್ಲಿ ನನಗೆ ಬೇಕಾದ್ದೇನೂ ಇರಲಿಲ್ಲ.

ಅವನು ಸ್ನಾನ ಮಾಡಿ ತಲೆ ಬಾಚಿಕೊಂಡು ಬಂದ. ಸ್ಟೂಲಿನ ಮೇಲೆ ಕೂರಿಸಿದೆ.

"ನನ್ನ ಕಡೆ ನೋಡು ಭಾವ."

ಅವನು ನೋಡಿದ. ಒಂದು ಕ್ಷಣ. ಮತ್ತೆ ಕಣ್ಣು ನೆಲಕ್ಕೆ ಹೋಯಿತು.

"ಕೆಳಗೆ ನೋಡ್ಬೇಡ. ಕಣ್ಣು ಬರಲ್ಲ."

"ಬೇಕಂತ ಮಾಡ್ತಿಲ್ಲ ಕಣೋ. ಯಾರಾದ್ರೂ ಮುಖ ನೋಡಿದ್ರೆ ತಾನಾಗೇ ಕೆಳಗೆ ಹೋಗ್ತದೆ. ಅಭ್ಯಾಸ."

ನಾಲ್ಕು ಭಾನುವಾರ ಹಾಗೇ ಹೋಯಿತು. ಕಿವಿ ಬರೆದೆ, ದವಡೆ ಬರೆದೆ, ಕೆನ್ನೆಯ ಕಲೆ ಬರೆದೆ. ಅದು ಎಡಗಡೆ ಇತ್ತು. ಕಣ್ಣಿನ ಜಾಗ ಬಿಳಿಯಾಗಿಯೇ ಉಳಿಯಿತು.

ಐದನೆಯ ಭಾನುವಾರ ಅವನು ಬಂದು ಕೂತ. ಕಾಲು ನೋವು ಹೆಚ್ಚಾಗಿತ್ತು ಅಂತ ಕಾಣುತ್ತದೆ, ಚಪ್ಪಲಿ ಬಿಟ್ಟು ಹೆಬ್ಬೆರಳನ್ನು ಒತ್ತಿಕೊಂಡ. ಆಮೇಲೆ ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದ. ಈ ಸಲ ಕಣ್ಣು ಇಳಿಸಲಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ. ನನ್ನನ್ನು ನೋಡುತ್ತಿದ್ದ, ಅಷ್ಟೆ. ಎಷ್ಟು ಹೊತ್ತು ಬೇಕಾದರೂ ನೋಡುವವನ ಹಾಗೆ.

"ಬರಿ," ಅಂದ.

ನಾನು ಬ್ರಷ್ಷು ಎತ್ತಿಕೊಂಡೆ. ಬಣ್ಣಕ್ಕೆ ಅದ್ದಿದೆ. ಅವನ ಕಣ್ಣಿನ ಕಡೆ ನೋಡಲು ಹೋದೆ. ಆಗಲಿಲ್ಲ. ತಲೆ ತಗ್ಗಿಸಿ ಬಣ್ಣದ ಹಲಗೆಯನ್ನೇ ನೋಡುತ್ತಾ ಕೂತೆ.